ಕಣ್ಣು ನಿಲ್ಲುವ ಜಾಗ: ಕ್ರೀಡಾ ಪ್ರಾಯೋಜಕತ್ವದ ಕಸುಬು

2024ರ ಜೂನ್ 5ರಂದು ನ್ಯೂಯಾರ್ಕಿನಲ್ಲಿ ಭಾರತ ಮತ್ತು ಐರ್ಲೆಂಡ್ ನಡುವೆ ಟಿ20 ವಿಶ್ವಕಪ್ ಪಂದ್ಯ ನಡೆಯಿತು. ಐರ್ಲೆಂಡ್ 16 ಓವರ್‌ಗಳಲ್ಲಿ 96 ರನ್ನಿಗೆ ಆಲೌಟಾಯಿತು. ಭಾರತ 12.2 ಓವರ್‌ಗಳಲ್ಲೇ ಆಟ ಮುಗಿಸಿತು. ಆದರೆ ಆ ದಿನ ಸೋತ ತಂಡವನ್ನು ಬೆಂಬಲಿಸಿದ್ದ ಒಂದು ಸಂಸ್ಥೆಯ ಹಣ ಚೆನ್ನಾಗಿಯೇ ದುಡಿದಿತ್ತು. ಅದು ನಮ್ಮ ಕರ್ನಾಟಕ ಹಾಲು ಮಹಾಮಂಡಳ. ಆ ವಿಶ್ವಕಪ್ಪಿನಲ್ಲಿ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡೂ ತಂಡಗಳಿಗೆ ಮಹಾಮಂಡಳದ ‘ನಂದಿನಿ’ ಬ್ರ್ಯಾಂಡ್ ಪ್ರಾಯೋಜಕನಾಗಿತ್ತು. ಸ್ಕಾಟ್ಲೆಂಡ್ ಜೆರ್ಸಿಯ ತೋಳಿನ ಮೇಲಂತೂ ಹೆಸರು ಕನ್ನಡ ಲಿಪಿಯಲ್ಲೇ ಇತ್ತು.

ಅದನ್ನು ಕಂಡು ಕನ್ನಡಿಗರು ಹಿಗ್ಗಿದರು. ಹಾಲು ಮಾರುವವರಿಗೆ ಸ್ಕಾಟ್ಲೆಂಡಿನ ಕ್ರಿಕೆಟ್ ಯಾಕೆ ಬೇಕಿತ್ತು ಎಂದು ಕೇಳಿದವರೂ ಇದ್ದರು. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ, ಆಟದ ಹಿಂದೆ ಕೂತು ಕೆಲಸ ಮಾಡುವ ಒಂದು ಸೂಕ್ಷ್ಮ ಕಸುಬಿನ ಪರಿಚಯವಾಗುತ್ತದೆ. ಎಷ್ಟು ಹಣ ಕೊಟ್ಟರು ಎಂಬ ಸುದ್ದಿಯಷ್ಟೇ ನಮಗೆ ತಲುಪುತ್ತದೆ. ಆ ಹಣಕ್ಕೆ ಜಾಗ ಹುಡುಕಿದ ಬುದ್ಧಿ ಸುದ್ದಿಯಾಗುವುದಿಲ್ಲ.

ಮೊದಲು ತೋಳಿನ ವಿಷಯ. ದ್ವಿಪಕ್ಷೀಯ ಸರಣಿಗಳಲ್ಲಿ ಪ್ರಾಯೋಜಕರ ಹೆಸರು ಎದೆಯ ಮೇಲೆ ದೊಡ್ಡದಾಗಿ ಇರುತ್ತದೆ. ಐಸಿಸಿ ಟೂರ್ನಿಗಳಲ್ಲಿ ಎದೆ ದೇಶದ ಹೆಸರಿಗೆ ಮೀಸಲು, ಪ್ರಾಯೋಜಕನಿಗೆ ಉಳಿಯುವುದು ತೋಳು ಮಾತ್ರ. ಯಾವ ತೋಳು ಎಂಬುದರಲ್ಲೇ ಕಸುಬು ಅಡಗಿದೆ. ಕ್ರಿಕೆಟ್ಟಿನ ಮುಖ್ಯ ಕ್ಯಾಮೆರಾ ಬೌಲರ್‌ನ ಬೆನ್ನ ಹಿಂದೆ ಎತ್ತರದಲ್ಲಿರುತ್ತದೆ. ಬಲಗೈ ಬ್ಯಾಟರ್ ಪಕ್ಕಕ್ಕೆ ತಿರುಗಿ ನಿಂತಾಗ ಅವನ ಎಡ ಭುಜ ಬೌಲರ್ ಕಡೆಗೆ, ಅಂದರೆ ಕ್ಯಾಮೆರಾದ ಕಡೆಗೆ ಇರುತ್ತದೆ. ಎದೆಯ ಮೇಲಿನ ಹೆಸರು ಆಗ ಮರೆಯಾಗುತ್ತದೆ, ಎಡತೋಳು ನೇರವಾಗಿ ಕಾಣುತ್ತದೆ. ಈ ವ್ಯವಹಾರದವರು ಇದನ್ನು ‘ಲೀಡ್ ಆರ್ಮ್’ ಎನ್ನುತ್ತಾರೆ. ಎಡಗೈ ಬ್ಯಾಟರ್‌ಗೆ ಅದೇ ಲೋಗೊ ಬಲತೋಳಿಗೆ ಹೋಗುತ್ತದೆ. ಚೆಂಡು ಬರುವುದನ್ನು ಕಾಯುತ್ತಾ ಕೋಟ್ಯಂತರ ಜನ ಉಸಿರು ಬಿಗಿಹಿಡಿದು ನೋಡುವ ಆ ಒಂದೆರಡು ಕ್ಷಣದಲ್ಲಿ ಕಣ್ಣಿನ ಮುಂದಿರುವ ಬಟ್ಟೆಯ ತುಂಡು ಅದು. ಎದೆಗೆ ಬೆಲೆ ಬರುವುದು ವಿಕೆಟ್ ಬಿದ್ದ ಮೇಲೆ, ಕ್ಯಾಮೆರಾ ಆಟಗಾರನ ಮುಖದ ಹತ್ತಿರ ಹೋದಾಗ, ಪಂದ್ಯ ಮುಗಿದು ಮಾತಿಗೆ ನಿಂತಾಗ. ಹೀಗೆ ಜೆರ್ಸಿಯ ಒಂದೊಂದು ಭಾಗಕ್ಕೂ ಅದರದೇ ಆದ ಹೊತ್ತಿದೆ, ಅದಕ್ಕೆ ತಕ್ಕ ದರವಿದೆ.

ಮೈದಾನದ ಮೇಲಿನ ಬರಹವನ್ನೂ ಒಮ್ಮೆ ಗಮನಿಸಿ. ಟಿವಿಯಲ್ಲಿ ಕೆಲವು ಲೋಗೊಗಳು ಹುಲ್ಲಿನ ಮೇಲೆ ಫಲಕದಂತೆ ಎದ್ದು ನಿಂತ ಹಾಗೆ ಕಾಣುತ್ತವೆ. ಅಲ್ಲಿ ಎದ್ದು ನಿಂತದ್ದು ಏನೂ ಇರುವುದಿಲ್ಲ. ಕ್ಯಾಮೆರಾ ಯಾವ ಎತ್ತರದಿಂದ, ಯಾವ ಕೋನದಿಂದ ನೋಡುತ್ತದೆ ಎಂದು ಮೊದಲೇ ಅಳೆದು, ಅಕ್ಷರಗಳನ್ನು ಅದಕ್ಕೆ ತಕ್ಕಂತೆ ಓರೆಯಾಗಿ ಎಳೆದು ನೆಲದ ಮೇಲೆ ಬರೆದಿರುತ್ತಾರೆ. ಪಕ್ಕದಲ್ಲೇ ನಿಂತು ನೋಡಿದವನಿಗೆ ಅದು ಸೊಟ್ಟಗೆ, ಉದ್ದುದ್ದ ಕಾಣುತ್ತದೆ. ಕ್ಯಾಮೆರಾದ ಕಣ್ಣಿಗೆ ಮಾತ್ರ ಎಲ್ಲವೂ ನೆಟ್ಟಗೆ. ಫೀಲ್ಡರ್ ಅದರ ಮೇಲೆ ಓಡಿದರೂ, ಜಾರಿ ಬಿದ್ದರೂ ಏಟಾಗುವುದಿಲ್ಲ, ಆಟಕ್ಕೆ ಅಡ್ಡಿಯೂ ಇಲ್ಲ. ಸೈಟ್‌ಸ್ಕ್ರೀನಿನದೂ ಇಂಥದೇ ಜಾಣತನ. ಬೌಲರ್‌ನ ಹಿಂದಿನ ಪರದೆ ಬ್ಯಾಟರ್‌ಗೆ ಚೆಂಡು ಕಾಣಲೆಂದು ಖಾಲಿಯಾಗಿರಲೇಬೇಕು. ಓವರ್ ಮುಗಿದು ತುದಿ ಬದಲಾದ ಕೂಡಲೇ ಅದೇ ಪರದೆಯ ಮೇಲೆ ಜಾಹೀರಾತು ಬರುತ್ತದೆ. ಆಟದ ಗೌರವಕ್ಕೆ ಕುಂದು ಬಾರದಂತೆ ಆಟದ ಸಂದುಗಳಲ್ಲಿ ಜಾಗ ಮಾಡಿಕೊಳ್ಳುವ ಈ ಎಚ್ಚರವೇ ಒಳ್ಳೆಯ ಪ್ರಾಯೋಜಕತ್ವದ ಮೊದಲ ಲಕ್ಷಣ.

ಪಂದ್ಯ ಮುಗಿದ ಮೇಲೆ ಲೆಕ್ಕ ಶುರುವಾಗುತ್ತದೆ. ಇಡೀ ಪ್ರಸಾರವನ್ನು ಸಾಫ್ಟ್‌ವೇರ್ ಮೂಲಕ ಮತ್ತೆ ನೋಡಿ, ಯಾವ ಲೋಗೊ ಎಷ್ಟು ಸೆಕೆಂಡು ಕಂಡಿತು, ಎಷ್ಟು ದೊಡ್ಡದಾಗಿ, ಎಷ್ಟು ಸ್ಪಷ್ಟವಾಗಿ, ಪರದೆಯ ಯಾವ ಮೂಲೆಯಲ್ಲಿ ಕಂಡಿತು ಎಂದು ಎಣಿಸುತ್ತಾರೆ. ಅಷ್ಟೇ ಹೊತ್ತಿನ ಜಾಹೀರಾತನ್ನು ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂಬುದಕ್ಕೆ ಅದನ್ನು ಹೋಲಿಸುತ್ತಾರೆ. ಆ ಹೊತ್ತು ಎಷ್ಟು ತುಟ್ಟಿ ಎಂಬುದಕ್ಕೆ ಐಪಿಎಲ್ ಉದಾಹರಣೆ ಸಾಕು. 2023ರಿಂದ 2027ರವರೆಗಿನ 410 ಪಂದ್ಯಗಳ ಪ್ರಸಾರ ಹಕ್ಕು ಸುಮಾರು 48,390 ಕೋಟಿ ರೂಪಾಯಿಗೆ ಹೋಯಿತು. ಪಂದ್ಯಕ್ಕೆ ಸುಮಾರು 118 ಕೋಟಿ. ಎರಡೂ ಇನಿಂಗ್ಸ್ ಪೂರ್ತಿ ನಡೆದರೆ ಒಂದು ಎಸೆತಕ್ಕೆ ಸುಮಾರು 49 ಲಕ್ಷ.

ಈಗ ನಂದಿನಿಯ ಆಯ್ಕೆಗೆ ಬರೋಣ. ಭಾರತ ತಂಡದ ಜೆರ್ಸಿಯಲ್ಲಿ ಜಾಗ ಹಿಡಿಯಲು ನೂರಾರು ಕೋಟಿ ಬೇಕು. ಐರ್ಲೆಂಡಿನಂಥ ಸಣ್ಣ ತಂಡದ ತೋಳು ಅಷ್ಟು ತುಟ್ಟಿಯಲ್ಲ. ಆದರೆ ಆ ವಿಶ್ವಕಪ್ಪಿನಲ್ಲಿ ಐರ್ಲೆಂಡ್ ಇದ್ದದ್ದು ಭಾರತ ಮತ್ತು ಪಾಕಿಸ್ತಾನದ ಗುಂಪಿನಲ್ಲಿ. ಸ್ಕಾಟ್ಲೆಂಡ್ ಇದ್ದದ್ದು ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಗುಂಪಿನಲ್ಲಿ. ಭಾರತದ ಎದುರು ಆಡುವ ದಿನ ಭಾರತದ ಪ್ರೇಕ್ಷಕರೆಲ್ಲರೂ ಐರ್ಲೆಂಡಿನ ಆಟಗಾರರನ್ನೂ ನೋಡಲೇಬೇಕು. ದೊಡ್ಡ ಜಾತ್ರೆಯ ಜನಸಂದಣಿ ಸಣ್ಣ ಅಂಗಡಿಯ ಬಾಡಿಗೆಗೆ ಸಿಕ್ಕ ಹಾಗಾಯಿತು. ಈ ದಾರಿಯನ್ನು ನಂದಿನಿಗಿಂತ ಮೊದಲು ತುಳಿದದ್ದು ಗುಜರಾತಿನ ಅಮುಲ್. 2011ರಲ್ಲಿ ನೆದರ್ಲೆಂಡ್ಸ್, 2019ರಲ್ಲಿ ಅಫ್ಗಾನಿಸ್ತಾನ, 2024ರಲ್ಲಿ ಅಮೆರಿಕ ತಂಡದ ಜೊತೆ ಅದು ನಿಂತಿತ್ತು. ಎರಡೂ ಸಹಕಾರಿ ಸಂಸ್ಥೆಗಳು, ಎರಡರ ಹಣವೂ ಹಾಲು ಹಾಕುವ ರೈತರದು. ಹಾಗಾಗಿ ಅಳೆದು ತೂಗಿ ಖರ್ಚು ಮಾಡುವ ಹೊಣೆ ಹೆಚ್ಚು. ಕನ್ನಡ ಅಕ್ಷರವನ್ನೇ ಬಳಸಿದ್ದರಲ್ಲೂ ಒಂದು ಜಾಣ್ಮೆಯಿತ್ತು. ಟೂರ್ನಿಗೆ ಮೊದಲೇ ಜೆರ್ಸಿಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಒಂದೇ ಒಂದು ಚೆಂಡು ಬೀಳುವ ಮುನ್ನವೇ ಹೆಸರು ಊರೂರಿನಲ್ಲಿ ಮಾತಾಗಿತ್ತು.

ಜಾಗ ಕೊಂಡರೆ ಅರ್ಧ ಕೆಲಸ ಮುಗಿದಂತೆ, ಅಷ್ಟೇ. ಉಳಿದರ್ಧವನ್ನು ಬೆಂಗಳೂರಿನ ಬ್ರಿಟಾನಿಯಾ ಕಂಪನಿ 1999ರಲ್ಲಿ ಇಡೀ ದೇಶಕ್ಕೆ ತೋರಿಸಿತು. ಆ ವರ್ಷ ವಿಶ್ವಕಪ್ ಇಂಗ್ಲೆಂಡಿನಲ್ಲಿತ್ತು. ಬಿಸ್ಕತ್ತಿನ ಪೊಟ್ಟಣಗಳ ಮೇಲೆ ರನ್‌ಗಳನ್ನು ಅಚ್ಚು ಹಾಕಿದರು. ಹೊದಿಕೆಗಳನ್ನು ಕೂಡಿಸಿ ನೂರು ರನ್ ಮಾಡಿದವರಿಗೆ ಒಂದು ಪುಸ್ತಿಕೆ, ಅದೃಷ್ಟವಿದ್ದವರಿಗೆ ಇಂಗ್ಲೆಂಡಿಗೆ ಹೋಗಿ ಪಂದ್ಯ ನೋಡುವ ಅವಕಾಶ. ಮಕ್ಕಳು ಖಾಲಿ ಪೊಟ್ಟಣ ಹುಡುಕಿಕೊಂಡು ಓಡಾಡಿದ ಕಾಲ ಅದು. ನೋಡುವವನನ್ನು ಆಡುವವನನ್ನಾಗಿ ಮಾಡಿದ್ದು ಅದರ ಹೆಚ್ಚುಗಾರಿಕೆ. ಅದಕ್ಕೆ ಮೂರು ವರ್ಷ ಹಿಂದೆ, 1996ರ ವಿಶ್ವಕಪ್ಪಿನಲ್ಲಿ ಅಧಿಕೃತ ತಂಪು ಪಾನೀಯದ ಹಕ್ಕು ಕೋಕಾ-ಕೋಲಾದ ಕೈಯಲ್ಲಿತ್ತು. ಆದರೆ ‘ನಥಿಂಗ್ ಅಫಿಷಿಯಲ್ ಅಬೌಟ್ ಇಟ್’ ಎಂಬ ಘೋಷಣೆಯೊಡನೆ ಆಟಗಾರರನ್ನು ಮುಂದಿಟ್ಟುಕೊಂಡ ಪೆಪ್ಸಿ ಜನರ ಬಾಯಲ್ಲಿ ಉಳಿಯಿತು. ಹಕ್ಕನ್ನು ಹಣ ಕೊಟ್ಟು ಕೊಳ್ಳಬಹುದು, ನೆನಪನ್ನು ದುಡಿದೇ ಗಳಿಸಬೇಕು ಎಂಬ ಪಾಠ ಅಂದೇ ಸಿಕ್ಕಿತ್ತು.

ಗಳಿಸಿದ ನೆನಪಿಗೆ ಆಯುಸ್ಸೂ ಬೇಕು. ಭಾರತ ತಂಡದ ಜೆರ್ಸಿಯನ್ನು ನೋಡಿದರೆ ಯಾವ ಕಾಲದಲ್ಲಿ ಹಣ ಎಲ್ಲಿತ್ತು ಎಂಬುದು ತಿಳಿಯುತ್ತದೆ. 2001ರವರೆಗೆ ವಿಲ್ಸ್ ಸಿಗರೇಟಿನ ಹೆಸರು, ಆಮೇಲೆ ಸಹಾರಾ, 2014ರಿಂದ ಸ್ಟಾರ್ ವಾಹಿನಿ, 2017ರಲ್ಲಿ ಒಪ್ಪೊ ಮೊಬೈಲ್, 2019ರಲ್ಲಿ ಬೈಜೂಸ್, 2023ರಲ್ಲಿ ಡ್ರೀಮ್11. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕಾನೂನು ಕಡಿವಾಣ ಬಿತ್ತು. ಡ್ರೀಮ್11 ಹಿಂದೆ ಸರಿಯಿತು, ಏಷ್ಯಾ ಕಪ್ಪಿನಲ್ಲಿ ಭಾರತ ಪ್ರಾಯೋಜಕನಿಲ್ಲದ ಜೆರ್ಸಿ ತೊಟ್ಟೇ ಆಡಿತು. ಆಮೇಲೆ ಅಪೊಲೊ ಟೈರ್ಸ್ ಬಂದಿತು. ಹೆಚ್ಚು ಬೆಲೆ ಕೂಗಿದವನ ಜೊತೆಗೇ ಹೋಗುವ ಕ್ರಿಕೆಟ್ ಮಂಡಳಿ, ಅವನ ವ್ಯಾಪಾರ ಎಷ್ಟು ಗಟ್ಟಿ ಎಂದೂ ನೋಡಬೇಕು ಎಂಬುದನ್ನು ಈ ಪಟ್ಟಿ ಹೇಳುತ್ತದೆ.

ತಾಳ್ಮೆಯ ಮಾದರಿ ಬೇಕಿದ್ದರೆ ಹಾಕಿಯ ಕಡೆ ನೋಡಬೇಕು. 2018ರಲ್ಲಿ ಒಡಿಶಾ ಸರ್ಕಾರ ರಾಷ್ಟ್ರೀಯ ಹಾಕಿ ತಂಡಗಳ ಪ್ರಾಯೋಜಕನಾಯಿತು. ಒಂದು ರಾಜ್ಯ ಸರ್ಕಾರ ದೇಶದ ತಂಡದ ಎದೆಯ ಮೇಲೆ ಹೆಸರು ಹಾಕಿಸಿಕೊಂಡದ್ದು ಅಪರೂಪದ ಹೆಜ್ಜೆ. ವಿಶ್ವಕಪ್ ನಡೆಸಿದರು, ಕ್ರೀಡಾಂಗಣ ಕಟ್ಟಿದರು, ಒಪ್ಪಂದ ಮುಂದುವರಿಸಿದರು. 2021ರಲ್ಲಿ ಟೋಕಿಯೊದಲ್ಲಿ ಪುರುಷರ ತಂಡ 41 ವರ್ಷಗಳ ನಂತರ ಒಲಿಂಪಿಕ್ ಪದಕ ಗೆದ್ದಿತು, 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಬಂತು. ಗೆದ್ದವರು ಆಟಗಾರರು, ಶ್ರಮ ಅವರದು. ಆದರೆ ಅವರು ಬೆಳೆಯುವಷ್ಟು ಕಾಲ ಜೊತೆಗೆ ನಿಂತ ಹೆಸರು ಇಂದು ಹಾಕಿಯ ಮಾತು ಬಂದಲ್ಲೆಲ್ಲ ಬರುತ್ತದೆ. ಎಷ್ಟು ಸೆಕೆಂಡಿನ ಪ್ರಸಾರ ಕೊಂಡರೂ ಇಂಥ ಹೆಸರು ಸಿಗುವುದಿಲ್ಲ.

ಈ ಕಸುಬು ಕೋಟಿಗಳ ಲೋಕಕ್ಕಷ್ಟೇ ಸೇರಿದ್ದಲ್ಲ. ನಮ್ಮ ತಾಲ್ಲೂಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ, ವಾಲಿಬಾಲ್ ಕೂಟಗಳಲ್ಲಿ ದಾನಿಗಳ ಹೆಸರು ಮೈಕಿನಲ್ಲಿ ಕೇಳುತ್ತದೆ, ಪಾರಿತೋಷಕದ ಮೇಲೆ ಕಾಣುತ್ತದೆ. ಫ್ಲೆಕ್ಸಿನ ಮೇಲೆ ಒಂದರ ಪಕ್ಕ ಒಂದರಂತೆ ಇಪ್ಪತ್ತು ಮುಖಗಳು, ನಲವತ್ತು ಹೆಸರುಗಳು ತುಂಬಿರುತ್ತವೆ. ಅಷ್ಟು ಹೆಸರಿದ್ದರೆ ಒಂದೂ ಕಣ್ಣಿಗೆ ಬೀಳುವುದಿಲ್ಲ, ಕೊಟ್ಟವನಿಗೂ ತೃಪ್ತಿಯಿಲ್ಲ. ಹೆಸರು ಕಡಿಮೆ ಮಾಡಿ, ಒಬ್ಬೊಬ್ಬರಿಗೂ ಪ್ರತ್ಯೇಕ ಜಾಗ ಕೊಡಬಹುದು. ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವವರಿದ್ದರೆ ಅವರ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಿ, ಫಲಕವನ್ನು ಆಮೇಲೆ ಕಟ್ಟಬಹುದು. ಪಂದ್ಯ ಮುಗಿದ ವಾರದೊಳಗೆ ಎಷ್ಟು ಜನ ಬಂದರು, ಹಣ ಯಾವುದಕ್ಕೆ ಹೋಯಿತು, ಆಟಗಾರರಿಗೆ ಎಷ್ಟು ತಲುಪಿತು ಎಂದು ಒಂದು ಹಾಳೆಯಲ್ಲಿ ಬರೆದು ದಾನಿಯ ಕೈಗೆ ಕೊಡಬಹುದು. ಇಷ್ಟು ಮಾಡಿದ ಸಂಘಟಕ ಮುಂದಿನ ವರ್ಷ ಚಂದಾ ಕೇಳಲು ಹಿಂಜರಿಯಬೇಕಿಲ್ಲ. ಮರ್ಯಾದೆಯಿಂದ ವ್ಯವಹಾರ ಮಾತಾಡಬಹುದು, ಊರಿನ ಹುಡುಗ ಹುಡುಗಿಯರ ಆಟಕ್ಕೂ ವರ್ಷವಿಡೀ ಆಸರೆ ಕೇಳಬಹುದು.