ಇಸ್ರಾಯೇಲ್ಯರು ಎಲ್ಲಿಂದ ಬಂದರು?

ಸತ್ಯವೇದದ ವಿಮೋಚನಕಾಂಡವನ್ನೂ ಯೆಹೋಶುವನ ಗ್ರಂಥವನ್ನೂ ಓದಿದವರ ಮನಸ್ಸಿನಲ್ಲಿ, ಓದದೆಯೇ ಚಲನಚಿತ್ರಗಳ ಮೂಲಕ ಆ ಕಥೆಯನ್ನು ಬಲ್ಲವರ ಮನಸ್ಸಿನಲ್ಲಿಯೂ, ಪ್ರಾಚೀನ ಇಸ್ರಾಯೇಲ್ಯರನ್ನು ಕುರಿತು ಸಾಮಾನ್ಯವಾಗಿ ಒಂದೇ ಚಿತ್ರ ನೆಲಸಿರುತ್ತದೆ: ಈಜಿಪ್ಟಿನಲ್ಲಿ ದಾಸ್ಯವನ್ನನುಭವಿಸುತ್ತಿದ್ದ ಒಂದು ಮಹಾಜನಾಂಗವು ಮೋಶೆಯ ನಾಯಕತ್ವದಲ್ಲಿ ಸಮುದ್ರವನ್ನು ದಾಟಿ, ನಲವತ್ತು ವರ್ಷಕಾಲ ಮರುಭೂಮಿಯಲ್ಲಿ ಅಲೆದು, ಯೆಹೋಶುವನ ಖಡ್ಗಬಲದಿಂದ ಕಾನಾನ್ ದೇಶವನ್ನು ಜಯಿಸಿ, ಅಲ್ಲಿದ್ದ ಜನರನ್ನು ನಿರ್ಮೂಲಗೊಳಿಸಿ ಆ ನೆಲದಲ್ಲಿ ತಾನು ನೆಲೆಯೂರಿತು. ಭಕ್ತರು ಈ ಚಿತ್ರವನ್ನು ದೈವಕೃಪೆಯ ನಿದರ್ಶನವೆಂದು ಆದರಿಸುತ್ತಾರೆ. ಕರುಣಾಳುಗಳಾದ ಇತರರು ಸ್ತ್ರೀಬಾಲವೃದ್ಧರೆನ್ನದೆ ನಡೆಯಿತೆಂಬ ಆ ಸಂಹಾರವನ್ನು ನೆನೆದು ನೊಂದುಕೊಳ್ಳುತ್ತಾರೆ. ಆದರೆ ಇಬ್ಬರೂ ಅದನ್ನು ನಡೆದ ಸಂಗತಿಯೆಂದೇ ಭಾವಿಸುವರು. ಕಳೆದ ಒಂದು ಶತಮಾನಕ್ಕೂ ಮಿಕ್ಕಿ ಆ ನೆಲವನ್ನು ಅಗೆದು ನೋಡಿದವರಿಗೆ ದೊರೆತ ಸಾಕ್ಷ್ಯವು ಹೇಳುವುದು ಬೇರೆ: ಇಸ್ರಾಯೇಲ್ಯರಲ್ಲಿ ಬಹುಪಾಲು ಜನರು ಹೊರಗಿನಿಂದ ಬಂದು ಕಾನಾನ್ಯರನ್ನು ಅಳಿಸಿದವರಲ್ಲ, ಕಾನಾನ್ಯರ ನಡುವೆಯೇ ಹುಟ್ಟಿ ಕಾಲಕ್ರಮದಲ್ಲಿ ಬೇರೆಯಾಗಿ ಬೆಳೆದವರು.

ಮೊದಲು, ಸುಲಭವಾಗಿ ನಿವಾರಿಸಬಹುದಾದ ಭ್ರಮೆಯೊಂದನ್ನು ನಿವಾರಿಸಿಬಿಡೋಣ. ಪಿರಮಿಡ್ಡುಗಳನ್ನು ಕಟ್ಟಿದವರು ಇಸ್ರಾಯೇಲ್ಯ ದಾಸರೆಂಬ ಮಾತಿಗೆ ಸತ್ಯವೇದದಲ್ಲಿಯೇ ಆಧಾರವಿಲ್ಲ. ಅಲ್ಲಿ ಹೇಳಿರುವುದು ಇಟ್ಟಿಗೆ ಮಾಡಿ ಉಗ್ರಾಣಪಟ್ಟಣಗಳನ್ನು ಕಟ್ಟಿದರೆಂದು ಮಾತ್ರ. ಗೀಜಾದ ಮಹಾಪಿರಮಿಡ್ಡು ಎದ್ದುನಿಂತದ್ದು ಕ್ರಿಸ್ತಪೂರ್ವ 26ನೆಯ ಶತಮಾನದಲ್ಲಿ, ಎಂದರೆ ಇಸ್ರಾಯೇಲ್ ಎಂಬ ಹೆಸರು ಎಲ್ಲಿಯೂ ಕೇಳಿಬರುವುದಕ್ಕೆ ಸಾವಿರ ವರ್ಷಗಳಿಗೂ ಹಿಂದೆ. ಅದರ ಸಮೀಪದಲ್ಲಿ 1990ರಿಂದೀಚೆಗೆ ಬೆಳಕಿಗೆ ಬಂದಿರುವ ಕೆಲಸಗಾರರ ಸಮಾಧಿಗಳೂ ವಸತಿಗಳೂ ಈಜಿಪ್ಟಿನ ಜನರವೇ ಆಗಿವೆ.

ನಿರ್ಗಮನದ ವಿಷಯವು ಇದಕ್ಕಿಂತ ಗಹನವಾದುದು. ಕಾಲಾಳುಗಳಾದ ಗಂಡಸರೇ ಆರು ಲಕ್ಷವೆಂದು ವಿಮೋಚನಕಾಂಡವು ಹೇಳುತ್ತದೆ. ಹೆಂಗಸರು ಮಕ್ಕಳನ್ನು ಸೇರಿಸಿದರೆ ಇಪ್ಪತ್ತು ಲಕ್ಷಕ್ಕೆ ಕಡಿಮೆಯಾಗದ ಅಷ್ಟು ದೊಡ್ಡ ಸಮೂಹವು ಸೀನಾಯಿಯಲ್ಲಿ ಒಂದು ತಲೆಮಾರು ಕಾಲ ಸಂಚರಿಸಿದ್ದಕ್ಕೆ ಆ ಯುಗದ ಒಂದು ಬೀಡಿನ ಗುರುತಾಗಲಿ ಒಂದು ಮಡಕೆಯ ಚೂರಾಗಲಿ ಸಿಕ್ಕಿಲ್ಲ. ಅವರು ಬಹುಕಾಲ ತಂಗಿದ್ದರೆನ್ನಲಾದ ಕಾದೇಶ್ ಬರ್ನೇಯದ ನೆಲೆಯಲ್ಲಿ ದೊರೆತ ಕೋಟೆಗಳು ಅದಕ್ಕಿಂತ ಶತಮಾನಗಳಷ್ಟು ಈಚಿನವು. ಇದಕ್ಕಿಂತ ಪ್ರಬಲವಾದ ಆಕ್ಷೇಪವೊಂದುಂಟು. ಅದನ್ನು ಯಾರೂ ಸಾಕಷ್ಟು ಗಮನಿಸುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಕ್ರಿಸ್ತಪೂರ್ವ 15ನೆಯ ಶತಮಾನದಿಂದ 12ನೆಯ ಶತಮಾನದವರೆಗೆ ಕಾನಾನ್ ದೇಶವೇ ಈಜಿಪ್ಟಿನ ಆಳ್ವಿಕೆಗೆ ಒಳಪಟ್ಟಿತ್ತು. 1887ರಲ್ಲಿ ಈಜಿಪ್ಟಿನ ಅಮರ್ನದಲ್ಲಿ ದೊರೆತ ಜೇಡಿಮಣ್ಣಿನ ಪತ್ರಗಳಲ್ಲಿ ಯೆರೂಸಲೇಮಿನ ಒಡೆಯನಾದ ಅಬ್ದಿಹೆಬ ಎಂಬವನು ಫರೋಹನ ಪಾದಗಳಿಗೆರಗಿ ಸೈನಿಕರನ್ನು ಕಳುಹಿಸಬೇಕೆಂದು ಬೇಡಿಕೊಳ್ಳುತ್ತಾನೆ. ಬೇತ್‌ಷೆಯಾನಿನಲ್ಲಿ ಈಜಿಪ್ಟಿನ ಠಾಣ್ಯವಿದ್ದಿತು; ಮೂರನೆಯ ರಾಮ್ಸೆಸನ ಪ್ರತಿಮೆ ಅಲ್ಲಿಯೇ ದೊರೆತಿದೆ. ಹೀಗಿರುವಾಗ ಫರೋಹನ ಕೈಯಿಂದ ಪಾರಾಗಿ ಕಾನಾನಿಗೆ ಬಂದವರು ಮತ್ತೆ ಫರೋಹನ ಸೀಮೆಯೊಳಕ್ಕೇ ಕಾಲಿಟ್ಟಂತಾಯಿತು. ಆದರೂ ಯೆಹೋಶುವನ ಗ್ರಂಥದಲ್ಲಿ ಆ ದೇಶದ ಈಜಿಪ್ಟಿನ ಅಧಿಕಾರಿಗಳ ವಿಚಾರ ಎಲ್ಲಿಯೂ ಬರುವುದಿಲ್ಲ. ಆ ಕಥನವು ತನ್ನ ಈಗಿನ ರೂಪವನ್ನು ತಳೆದದ್ದು ಆ ಆಳ್ವಿಕೆಯ ಸ್ಮೃತಿ ಅಳಿದುಹೋದ ಬಹುಕಾಲದ ನಂತರವೆಂದು ಇದರಿಂದ ಊಹಿಸಬೇಕಾಗುತ್ತದೆ.

ದಿಗ್ವಿಜಯದ ಕಥೆಗಂತೂ ಉತ್ಖನನವು ಇನ್ನೂ ಪ್ರತಿಕೂಲವಾಗಿದೆ. 1930ರ ದಶಕದಲ್ಲಿ ಜಾನ್ ಗಾರ್ಸ್ಟಾಂಗ್ ಯೆರಿಕೋವಿನಲ್ಲಿ ಕುಸಿದುಬಿದ್ದ ಗೋಡೆಗಳನ್ನು ಕಂಡು, ಯೆಹೋಶುವನ ಕಹಳೆಗಳಿಗೆ ಉರುಳಿದ ಗೋಡೆಗಳು ಇವೇ ಎಂದು ಸಾರಿದರು. ಲೋಕವೂ ಸಂತೋಷದಿಂದ ನಂಬಿತು. 1952ರಿಂದ 1958ರವರೆಗೆ ಅಲ್ಲಿಯೇ ಅಗೆದ ಕ್ಯಾಥ್ಲೀನ್ ಕೆನ್ಯನ್ ಪದರಪದರವಾಗಿ ಪರೀಕ್ಷಿಸಿ, ಆ ಗೋಡೆಗಳು ಯೆಹೋಶುವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನವೆಂದೂ, ಪ್ರಾಕಾರಸಹಿತವಾದ ಕೊನೆಯ ನಗರವು ಕ್ರಿಸ್ತಪೂರ್ವ 1550ರ ಸುಮಾರಿಗೇ ನಾಶವಾಯಿತೆಂದೂ, ಯೆಹೋಶುವನಿಗೆ ಹೊಂದುವ 13ನೆಯ ಶತಮಾನದಲ್ಲಿ ಅಲ್ಲಿ ಗೆಲ್ಲತಕ್ಕ ಕೋಟೆಯೇ ಇರಲಿಲ್ಲವೆಂದೂ ತೋರಿಸಿದರು. ಆಯಿ ಪಟ್ಟಣದ ನೆಲೆಯೆನಿಸಿದ ಎತ್ತೆಲ್ ದಿಬ್ಬವು ಅದಕ್ಕೆ ಸಾವಿರ ವರ್ಷ ಮುಂಚೆಯೇ ನಿರ್ಜನವಾಗಿತ್ತು. ಯೆಹೋಶುವನು ಸುಟ್ಟನೆನ್ನಲಾದ ಹಾಚೋರ್ ಪಟ್ಟಣ ಮಾತ್ರ 13ನೆಯ ಶತಮಾನದಲ್ಲಿ ಭೀಕರವಾದ ಬೆಂಕಿಗೆ ಆಹುತಿಯಾದುದು ನಿಜ; ಬೆಂಕಿಯಿಟ್ಟವರು ಯಾರೆಂಬ ವಿವಾದವಿನ್ನೂ ಬಗೆಹರಿದಿಲ್ಲ. ಆದರೆ ಸತ್ಯವೇದವೇ ಈ ವಿಷಯದಲ್ಲಿ ಏಕಕಂಠವಾಗಿಲ್ಲವೆಂಬುದನ್ನು ಓದುಗರು ಮರೆಯಬಾರದು: ಯೆಹೋಶುವನ ಗ್ರಂಥವು ದೇಶವೆಲ್ಲ ವಶವಾಯಿತೆಂದು ಹೇಳಿದರೆ, ಅದರ ಬೆನ್ನಿಗೇ ಬರುವ ನ್ಯಾಯಸ್ಥಾಪಕರ ಗ್ರಂಥವು ತನ್ನ ಮೊದಲ ಅಧ್ಯಾಯದಲ್ಲಿಯೇ ಯೆರೂಸಲೇಮು, ಗೆಜೆರ್, ಮೆಗಿದ್ದೋ, ಬೇತ್‌ಷೆಯಾನ್ ಮೊದಲಾದ ಪಟ್ಟಣಗಳ ನಿವಾಸಿಗಳನ್ನು ಹೊರಡಿಸಲಾಗದೆ ಅವರೊಡನೆಯೇ ವಾಸಿಸಬೇಕಾಯಿತೆಂದು ಒಪ್ಪಿಕೊಳ್ಳುತ್ತದೆ.

ಹಾಗಾದರೆ ಇಸ್ರಾಯೇಲ್ ಎಂಬುದು ಈಚಿನ ಲೇಖಕರ ಕಲ್ಪನೆಯೆಂದು ತಳ್ಳಿಹಾಕಬಹುದೇ? ಇದು ಮೊದಲನೆಯದಕ್ಕೆ ವಿರುದ್ಧ ದಿಕ್ಕಿನಿಂದ ಬಂದ, ಅಷ್ಟೇ ನಿರಾಧಾರವಾದ ತಪ್ಪು ಕಲ್ಪನೆ. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿಯವರು ಥೀಬ್ಸಿನಲ್ಲಿ ಮೆರ್ನೆಪ್ತಾ ಎಂಬ ಫರೋಹನ ದೇವಾಲಯದ ಅವಶೇಷಗಳ ನಡುವೆ ಆಳೆತ್ತರಕ್ಕೂ ಮೀರಿದ ಒಂದು ಕಪ್ಪು ಶಿಲಾಫಲಕವನ್ನು ಕಂಡರು. ಹಿಂದಿನ ಅರಸನೊಬ್ಬನು ನೆಡಿಸಿದ್ದ ಕಲ್ಲಿನ ಹಿಂಬದಿಯನ್ನೇ ಬಳಸಿಕೊಂಡು ಮೆರ್ನೆಪ್ತಾ ತನ್ನ ಲಿಬಿಯಾ ವಿಜಯವನ್ನು ಅದರಲ್ಲಿ ಕೊರೆಯಿಸಿದ್ದನು. ಶಾಸನದ ಕಾಲ ಕ್ರಿಸ್ತಪೂರ್ವ 1208ರ ಸುಮಾರು. ಕೊನೆಯ ಸಾಲುಗಳಲ್ಲಿ ಮಾತ್ರ ಕಾನಾನಿನ ಪ್ರಸ್ತಾಪ ಬರುತ್ತದೆ: ಅಷ್ಕೆಲೋನ್, ಗೆಜೆರ್, ಯನೋಅಮ್ ಎಂಬ ಮೂರು ಪಟ್ಟಣಗಳು, ಅವುಗಳ ಬಳಿಕ ಇಸ್ರಾಯೇಲ್. ಈಜಿಪ್ಟಿನ ಲಿಪಿಕಾರನು ಹೆಸರನ್ನು ಬರೆದಮೇಲೆ ಅದು ಯಾವ ಜಾತಿಯ ವಸ್ತುವೆಂದು ತಿಳಿಸುವ ಚಿಹ್ನೆಯೊಂದನ್ನು ಸೇರಿಸುವುದುಂಟು. ಮೊದಲ ಮೂರು ಹೆಸರುಗಳ ಮುಂದೆ ಪರದೇಶದ ನೆಲವನ್ನು ಸೂಚಿಸುವ ಗುಡ್ಡಗಳ ಚಿಹ್ನೆಯಿದ್ದರೆ, ಇಸ್ರಾಯೇಲಿನ ಮುಂದೆ ಕುಳಿತಿರುವ ಒಬ್ಬ ಗಂಡಸು, ಒಬ್ಬ ಹೆಂಗಸು, ಅವರ ಕೆಳಗೆ ಬಹುತ್ವಸೂಚಕವಾದ ಮೂರು ಗೀಟುಗಳು ಇವೆ. ನಗರವಿಲ್ಲದ, ಗೊತ್ತಾದ ಎಲ್ಲೆಯುಳ್ಳ ರಾಜ್ಯವಿಲ್ಲದ ಒಂದು ಜನಸಮುದಾಯವು ಆ ಹೆಸರಿನಿಂದ ಆಗಲೇ ಕಾನಾನಿನಲ್ಲಿದ್ದಿತು. ಅದು ನಿರ್ಬೀಜವಾಯಿತೆಂದು ಫರೋಹನು ಕೊಚ್ಚಿಕೊಂಡಿದ್ದಾನೆ. ಆ ಜನದ ಇರವಿಗೆ ನಮಗಿರುವ ಅತ್ಯಂತ ಪುರಾತನವಾದ ಲಿಖಿತ ಪ್ರಮಾಣವೂ ಅದೇ ವಾಕ್ಯ.

ಆ ಜನ ಎಲ್ಲಿ ವಾಸಿಸಿದರೆಂಬುದನ್ನು 1967ರ ನಂತರ ನಡೆದ ಮಧ್ಯ ಬೆಟ್ಟಸೀಮೆಯ ಸರ್ವೇಕ್ಷಣೆಗಳು ತಿಳಿಸಿದವು. ಇಸ್ರಾಯೇಲ್ ಫಿಂಕೆಲ್‌ಸ್ಟೈನ್ ಮೊದಲಾದ ವಿದ್ವಾಂಸರು ಕಣಿವೆಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿದಾಗ, ಕಂಚಿನ ಯುಗದ ಅಂತ್ಯದಲ್ಲಿ ಸುಮಾರು ಮೂವತ್ತು ನೆಲೆಗಳಷ್ಟೇ ಇದ್ದ ಆ ಬೆಟ್ಟಗಳಲ್ಲಿ ಮುಂದಿನ ಇನ್ನೂರು ವರ್ಷಗಳೊಳಗೆ ಇನ್ನೂರೈವತ್ತರಷ್ಟು ಹಳ್ಳಿಗಳು ತಲೆಯೆತ್ತಿದವೆಂಬುದು ಗೊತ್ತಾಯಿತು. ಅರಮನೆಯಿಲ್ಲ, ಕೋಟೆಯಿಲ್ಲ, ಕಂಬಗಳ ಸಾಲಿನಿಂದ ವಿಭಾಗಿಸಿ ದನಕರುಗಳಿಗೂ ಎಡೆಮಾಡಿದ ಮನೆಗಳು, ಧಾನ್ಯ ತುಂಬುವ ಹಗೇವುಗಳು, ಕಂಠದ ಕೆಳಗೆ ಪಟ್ಟಿ ಕಟ್ಟಿದಂತೆ ಉಬ್ಬಿದ ಅಂಚುಳ್ಳ ದೊಡ್ಡ ಗುಡಾಣಗಳು. ಆ ಮಡಕೆಗಳ ಆಕಾರವು ಕಾನಾನಿನ ಹಳೆಯ ಕುಂಬಾರಿಕೆಯಿಂದಲೇ ಇಳಿದುಬಂದದ್ದು. ಹೊರನಾಡಿನಿಂದ ಬಂದ ಜನರ ಕೈವಾಡದ ಗುರುತು ಅಲ್ಲಿಲ್ಲ. ಬೆಟ್ಟಸೀಮೆಯ ಅಂಚಿನ ಇಜ್ಬೆತ್ ಸರ್ತಾ ಎಂಬ ಪುಟ್ಟ ಹಳ್ಳಿಯಲ್ಲಿ ದೊರೆತ ಮಡಕೆಯ ಚೂರೊಂದರ ಮೇಲೆ ಐದು ಸಾಲುಗಳ ಬರಹವಿದೆ. ಕೊನೆಯ ಸಾಲಿನಲ್ಲಿ, ಅಕ್ಷರಾಭ್ಯಾಸದಲ್ಲಿ ತೊಡಗಿದ್ದವನ ಕೈ ತಿದ್ದಿದಂತೆ ಸೊಟ್ಟಸೊಟ್ಟಾಗಿ ವರ್ಣಮಾಲೆಯನ್ನು ಬರೆದಿದೆ. ಆ ಅಕ್ಷರಗಳೂ ಕಾನಾನ್ಯರವೇ. ಹಂದಿಯ ಎಲುಬುಗಳು ಈ ಹಳ್ಳಿಗಳಲ್ಲಿ ವಿರಳವಾಗಿದ್ದು ಫಿಲಿಷ್ಟಿಯರ ನಗರಗಳಲ್ಲಿ ವಿಪುಲವಾಗಿರುವುದನ್ನು ಕೆಲವರು ಮುಖ್ಯ ಪ್ರಮಾಣವೆಂದು ಹಿಡಿಯುತ್ತಾರಾದರೂ, ತಗ್ಗಿನ ಕಾನಾನ್ಯ ಊರುಗಳಲ್ಲಿಯೂ ಅವು ಹಲವೆಡೆ ವಿರಳವೇ ಆಗಿರುವುದರಿಂದ ಅದರ ಮೇಲೆ ಹೆಚ್ಚಿನ ಭಾರ ಹೊರಿಸುವುದು ಯುಕ್ತವಲ್ಲ.

ಬೆಟ್ಟವನ್ನೇರಿದ ಇವರು ಯಾರು? ತಗ್ಗಿನ ನಗರಗಳ ಒಡೆಯರ ಪೀಡನೆಯನ್ನು ತಾಳಲಾರದೆ ದಂಗೆಯೆದ್ದ ರೈತರೆಂದು 1962ರಲ್ಲಿ ಜಾರ್ಜ್ ಮೆಂಡನ್‌ಹಾಲ್ ವಾದಿಸಿದರು. ಕುರಿಮಂದೆಗಳೊಡನೆ ಅಲೆಯುತ್ತಿದ್ದ ಪಶುಪಾಲಕರು, ಧಾನ್ಯವನ್ನೊದಗಿಸುತ್ತಿದ್ದ ನಗರಗಳು ಕುಸಿದಾಗ ತಾವೇ ನೇಗಿಲು ಹಿಡಿದು ನಿಂತರೆಂದು ಫಿಂಕೆಲ್‌ಸ್ಟೈನ್ ಹೇಳುವರು. ಹಿತ್ತಿಯರ ಸಾಮ್ರಾಜ್ಯವೂ ಉಗರಿತ್ ನಗರವೂ ಅಳಿದು, ಈಜಿಪ್ಟಿನ ಹಿಡಿತವೂ ಸಡಿಲಿದ ಆ ಸಂಕಟಕಾಲದಲ್ಲಿ ಎರಡು ಬಗೆಯ ಜನರೂ ಬೆಟ್ಟಗಳಲ್ಲಿ ಕೂಡಿಕೊಂಡರೆಂದು ತಿಳಿಯುವುದೇ ನನಗೆ ಸಮಂಜಸವಾಗಿ ತೋರುತ್ತದೆ. ಅವರೊಡನೆ ಈಜಿಪ್ಟಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಒಂದು ಚಿಕ್ಕ ತಂಡವೂ ಸೇರಿರಬಹುದು. ಥೀಬ್ಸಿನಲ್ಲಿರುವ ರೆಖ್ಮಿರೆ ಎಂಬ ಅಮಾತ್ಯನ ಸಮಾಧಿಯ ಗೋಡೆಯ ಮೇಲೆ ಏಷ್ಯದಿಂದ ಹಿಡಿದು ತಂದ ಸೆರೆಯಾಳುಗಳು ಇಟ್ಟಿಗೆ ಮಾಡುವ ಚಿತ್ರವಿದೆ. ಮೋಶೆ, ಫೀನೆಹಾಸ ಎಂಬ ಹೆಸರುಗಳ ಮೂಲವೂ ಈಜಿಪ್ಟಿನ ನುಡಿಯೇ. ಕೆಲವರ ಅನುಭವವು ಕ್ರಮೇಣ ಎಲ್ಲರ ಸ್ಮೃತಿಯಾಗಿ, ಬಿಡುಗಡೆಯ ಮಹಾಕಥೆಯಾಗಿ ಬೆಳೆದಿರಬಾರದೇಕೆ? ದಾಸ್ಯದಿಂದ ಬಿಡಿಸಿದ ದೇವರನ್ನು ನೆನೆಯುತ್ತ ಪರದೇಶಿಯನ್ನು ಪೀಡಿಸಬಾರದೆಂದು ಶಾಸನ ಮಾಡಿಕೊಂಡ ಜನರ ಆ ಸ್ಮೃತಿಯನ್ನು ಸುಳ್ಳೆಂದು ಹಳಿಯಲು ನಾನು ಒಪ್ಪಲಾರೆ.

ಆರಂಭದಿಂದಲೇ ಅವರು ಏಕದೇವೋಪಾಸಕರಾಗಿದ್ದರೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಉತ್ತರ ಸಮಾರ್ಯದ ಗುಡ್ಡವೊಂದರ ಮೇಲೆ, ಕ್ರಿಸ್ತಪೂರ್ವ 12ನೆಯ ಶತಮಾನದ ಬಯಲು ಪೂಜಾಸ್ಥಳದಲ್ಲಿ, ಗೇಣುದ್ದಕ್ಕೂ ಕಡಿಮೆಯಾದ ಕಂಚಿನ ಗೂಳಿಯೊಂದು ದೊರೆತಿದೆ. ಕಾನಾನ್ಯರು ಗೂಳಿಯನ್ನು ಏಲ್, ಬಾಳ ದೇವತೆಗಳ ಲಾಂಛನವೆಂದು ಗೌರವಿಸುತ್ತಿದ್ದರು. ನಾಲ್ಕು ಶತಮಾನಗಳು ಕಳೆದಮೇಲೆಯೂ, ಸೀನಾಯಿಯ ಕುಂತಿಲ್ಲೆತ್ ಅಜ್ರುದದ ಗುಡಾಣಗಳ ಮೇಲೆ ಯೆಹೋವನ ಜೊತೆಯಲ್ಲಿಯೇ ಅಶೇರ ಎಂಬ ದೇವಿಯ ಹೆಸರನ್ನೂ ಹೇಳಿ ಆಶೀರ್ವಾದವನ್ನು ಬರೆದಿದ್ದಾರೆ. ಏಕೇಶ್ವರನಿಷ್ಠೆಯು ಪ್ರವಾದಿಗಳ ದೀರ್ಘ ಹೋರಾಟದಿಂದಲೂ ಬಾಬಿಲೋನಿನ ಸೆರೆಯ ಸಂಕಟದಿಂದಲೂ ಪಕ್ವವಾದ ಫಲ. ಆ ಪ್ರವಾದಿಗಳಲ್ಲೊಬ್ಬನಾದ ಯೆಹೆಜ್ಕೇಲನು ಯೆರೂಸಲೇಮನ್ನು ಗದರಿಸುತ್ತ, ನಿನ್ನ ಹುಟ್ಟು ಕಾನಾನ್ಯರ ನಾಡಿನದೆಂದು ಅದರ ಮೂಲವನ್ನು ನೇರವಾಗಿ ನೆನಪಿಸಿದ್ದಾನೆ.

ಈ ಉತ್ಪತ್ತಿಕ್ರಮವು ಇಸ್ರಾಯೇಲಿಗೆ ಮಾತ್ರ ವಿಶಿಷ್ಟವಾದುದಲ್ಲ. ಅದೇ ಕಾಲದಲ್ಲಿ ಯೊರ್ದನ್ ನದಿಯ ಆಚೆ ಮೋವಾಬ್ಯರೂ ಅಮ್ಮೋನ್ಯರೂ ಇದೇ ರೀತಿಯಲ್ಲಿ ರೂಪುಗೊಂಡರು. ಕ್ರಿಸ್ತಪೂರ್ವ 840ರ ಸುಮಾರಿಗೆ ಮೋವಾಬಿನ ಅರಸನಾದ ಮೇಷನು ಬರೆಯಿಸಿದ, 1868ರಲ್ಲಿ ದೀಬಾನಿನಲ್ಲಿ ಸಿಕ್ಕಿದ ಶಾಸನದ ಭಾಷೆಯು ಹೀಬ್ರೂ ಬಲ್ಲವರಿಗೆ ಬಹುಮಟ್ಟಿಗೆ ತಿಳಿಯತಕ್ಕದ್ದೇ ಆಗಿದೆ. ತಮ್ಮ ದೇವನಾದ ಕೆಮೋಷನು ತನ್ನ ನಾಡಿನ ಮೇಲೆ ಕೋಪಗೊಂಡುದರಿಂದ ಇಸ್ರಾಯೇಲಿನ ಅರಸನಾದ ಒಮ್ರಿಯು ಮೋವಾಬನ್ನು ಪೀಡಿಸಿದನೆಂದೂ, ಬಳಿಕ ಕೆಮೋಷನ ಅಪ್ಪಣೆಯಂತೆ ತಾನು ಪಟ್ಟಣವೊಂದನ್ನು ಗೆದ್ದು ಅಲ್ಲಿನವರೆಲ್ಲರನ್ನೂ ಅವನಿಗೆ ಮೀಸಲಾಗಿ ಸಂಹರಿಸಿದೆನೆಂದೂ ಅವನು ಹೇಳಿಕೊಂಡಿದ್ದಾನೆ. ಯೆಹೋಶುವನ ಗ್ರಂಥದಲ್ಲಿ ನಮ್ಮನ್ನು ನಡುಗಿಸುವ ಸಂಹಾರವರ್ಣನೆಗಳ ಶೈಲಿ ಇದೇ. ಆ ಸೀಮೆಯ ಅರಸರೂ ಲಿಪಿಕಾರರೂ ವಿಜಯವನ್ನು ಹೇಳುತ್ತಿದ್ದ ಪರಿ ಅದಾಗಿತ್ತು.