ಏಡಿಯ ಕಾಲಿನಲ್ಲಿ ಸಿಕ್ಕ ಪಂಪು

ರಕ್ತಪರೀಕ್ಷೆಯ ವರದಿಯಲ್ಲಿ ಸೋಡಿಯಂ ಎದುರು 140, ಪೊಟ್ಯಾಸಿಯಂ ಎದುರು ಬರೀ 4 ಎಂದಿರುತ್ತದೆ. ಹಾಗೆಂದು ದೇಹದಲ್ಲಿ ಪೊಟ್ಯಾಸಿಯಂ ಕಡಿಮೆಯೇನಲ್ಲ. ಅದರಲ್ಲಿ ಶೇ 98ರಷ್ಟು ಜೀವಕೋಶಗಳ ಒಳಗೇ ಇದೆ. ಸಿರಿಂಜಿಗೆ ಸಿಗುವುದು ಹೊರಗಿರುವ ಚೂರು.

70 ಕೆ.ಜಿ. ತೂಕದ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರು. 28 ಲೀಟರ್ ಕೋಶಗಳ ಒಳಗೆ, 14 ಹೊರಗೆ. ರಕ್ತದ ಪ್ಲಾಸ್ಮಾದ ಪಾಲು ಮೂರು ಲೀಟರಿನ ಆಸುಪಾಸು, ಅಷ್ಟೆ. ಒಳಗೆ ಪೊಟ್ಯಾಸಿಯಂನದೇ ಮೇಲುಗೈ, ಹೊರಗೆ ಸೋಡಿಯಂನದು. ಸೋಡಿಯಂ ಸದಾ ಒಳಕ್ಕೆ ಜಿನುಗುತ್ತದೆ, ಪೊಟ್ಯಾಸಿಯಂ ಹೊರಕ್ಕೆ. ತಡೆಯುವವರಿಲ್ಲದಿದ್ದರೆ ಉಪ್ಪಿನ ಹಿಂದೆಯೇ ನೀರೂ ನುಗ್ಗಿ ಕೋಶ ಊದಿಕೊಳ್ಳುತ್ತದೆ.

ಸೋಡಿಯಂ ಅನ್ನು ಮತ್ತೆ ಹೊರಕ್ಕೆ, ಪೊಟ್ಯಾಸಿಯಂ ಅನ್ನು ಒಳಕ್ಕೆ ಸಾಗಿಸಿ ಇದನ್ನು ತಡೆಯುವುದು ಒಂದು ‘ಪಂಪ್’. ಅದು ಯಾವುದು ಎಂಬುದನ್ನು ಕಂಡುಹಿಡಿದವರು ಡೆನ್ಮಾರ್ಕ್‌ನ ಆರ್ಹುಸ್‌ನ ಯೆನ್ಸ್ ಸ್ಕೌ. ಆ ಕಥೆ ಎಷ್ಟು ಸಲ ಓದಿದರೂ ಹಳತಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ತರಬೇತಿ ಪಡೆದಿದ್ದ ಸ್ಕೌ ಅವರಿಗೆ ಮೊದಲು ಬೇಕಾಗಿದ್ದುದು ಅರಿವಳಿಕೆ ಮದ್ದು ನರದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬ ಉತ್ತರ ಮಾತ್ರ. ಅದಕ್ಕೆ ಅವರು ಆರಿಸಿಕೊಂಡದ್ದು ಕಡಲ ತೀರದ ಏಡಿಗಳನ್ನು. ಕಾಲುಗಳಿಂದ ನರ ಬಿಡಿಸಿ, ಅರೆದು, ಅದರಲ್ಲಿದ್ದ ಕಿಣ್ವವೊಂದನ್ನು ಪರೀಕ್ಷಿಸಿದರು. ಮೆಗ್ನೀಸಿಯಂ ಜೊತೆ ಸೋಡಿಯಂ ಒಂದನ್ನೇ ಹಾಕಿದರೆ ಅಲ್ಪ ಪರಿಣಾಮ. ಪೊಟ್ಯಾಸಿಯಂ ಒಂದನ್ನೇ ಹಾಕಿದರೆ ಏನೂ ಇಲ್ಲ. ಎರಡನ್ನೂ ಸೇರಿಸಿದಾಗ ಕಿಣ್ವ ಚುರುಕಾಯಿತು! 1957ರಲ್ಲಿ ಪ್ರಕಟವಾದ ಪ್ರಬಂಧದ ಶೀರ್ಷಿಕೆಯಲ್ಲಿ ‘ಪಂಪ್’ ಎಂಬ ಮಾತೇ ಇಲ್ಲ. ಇಂಥ ಸಂಯಮ ವಿಜ್ಞಾನಕ್ಕೆ ಶೋಭೆ.

ಮರುವರ್ಷ ವಿಯೆನ್ನಾದಲ್ಲಿ ಸ್ಕೌ ಅವರಿಗೆ ಅಮೆರಿಕದ ವಿಜ್ಞಾನಿ ರಾಬರ್ಟ್ ಪೋಸ್ಟ್ ಸಿಕ್ಕರು. ಈ ಕಿಣ್ವವನ್ನು ಊಬೈನ್ ತಡೆಯುತ್ತದೆಯೇ ಎಂಬುದು ಅವರ ಪ್ರಶ್ನೆ. ಊಬೈನ್ ಎಂದರೆ ಆಫ್ರಿಕಾದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ಸಸ್ಯವಿಷ. ಕೋಶಗಳ ಸೋಡಿಯಂ ಸಾಗಣೆಯನ್ನು ಅದು ನಿಲ್ಲಿಸುತ್ತದೆಂದು ಆಗಲೇ ಗೊತ್ತಿತ್ತು. ಪರೀಕ್ಷಿಸಿದಾಗ ಕಿಣ್ವವೂ ನಿಂತಿತು. ಸ್ಕೌ ಕೈಗೆ ಸಿಕ್ಕಿದ್ದು ಆ ಪಂಪೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ನಮ್ಮ ಹಿತ್ತಿಲ ಕಣಗಿಲೆಯಲ್ಲಿರುವ ವಿಷವೂ ಇದೇ ಜಾತಿಯದು. ಕಣಗಿಲೆ ತಿಂದವರ ರಕ್ತದಲ್ಲಿ ಪೊಟ್ಯಾಸಿಯಂ ಏರುವುದು, ಹೃದಯದ ಬಡಿತ ದಾರಿ ತಪ್ಪುವುದು ಪಂಪು ಸೋಲುವುದರಿಂದಲೇ.

ಒಂದೊಂದು ಸುತ್ತಿಗೂ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಸುಮ್ಮನೆ ಮಲಗಿದ್ದಾಗಲೂ ದೇಹ ವ್ಯಯಿಸುವ ಶಕ್ತಿಯಲ್ಲಿ ಐದನೇ ಒಂದು ಪಾಲು ಈ ಸಾಗಣೆಗೇ ಹೋಗುತ್ತದೆ. ಸ್ಕೌ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದು 1997ರಲ್ಲಿ, ಪ್ರಬಂಧ ಪ್ರಕಟವಾಗಿ 40 ವರ್ಷಗಳ ನಂತರ. ತಡವಾಯಿತು ಎನ್ನದೆ ವಿಧಿಯಿಲ್ಲ.

ಹೊರಗಿನ ಆ 4 ಎಷ್ಟು ಚಿಕ್ಕದೋ ಅಷ್ಟೇ ನಾಜೂಕು. ಅದು ಆರೂವರೆ ದಾಟಿದರೆ ಹೃದಯ ನಿಲ್ಲುವ ಅಪಾಯವಿದೆ. ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಮೂತ್ರಪಿಂಡದ್ದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಆದ್ದರಿಂದ ಮೂತ್ರಪಿಂಡದ ಕಾಯಿಲೆ ಇರುವವರು ಬೇಸಿಗೆಯಲ್ಲಿ ಎಳನೀರು ಕುಡಿಯುವ ಮುನ್ನ ವೈದ್ಯರನ್ನು ತಪ್ಪದೆ ಕೇಳಬೇಕು.