ಗೇರುಪೆಟ್ಟಿಗೆಯ ಆಯ್ಕೆ

ಕಾರಿನ ಆಟೋಮ್ಯಾಟಿಕ್ ಗೇರುಪೆಟ್ಟಿಗೆ ಕೆಟ್ಟಾಗ, ಅದರ ರಿಪೇರಿಯ ಖರ್ಚನ್ನು ಕೇಳಿ ಮಾಲೀಕರು ಕಂಗಾಲಾಗುವುದುಂಟು. ತಿರುಮಕೂಡಲು ನರಸೀಪುರದ ನನ್ನ ಸೋದರಮಾವನವರಿಗೂ ಹಾಗೆಯೇ ಆಯಿತು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಕೈಗೇರಿನ ಪೆಟ್ಟಿಗೆಯೊಂದನ್ನು ಜೋಡಿಸಬಹುದೇ ಎಂದು ಕೇಳಿಬರಲು ಅವರು ನನ್ನನ್ನು ನಂಜನಗೂಡಿನ ಮೇಸ್ತ್ರಿಯೊಬ್ಬರಲ್ಲಿಗೆ ಕಳುಹಿಸಿದರು. "ಬೆಲೆ ಆಮೇಲೆ ಸ್ವಾಮಿ, ಇಂಜಿನ್ನಿಗೆ ಕೂರ್ತದಾ ಅಂತ ಮೊದ್ಲು ನೋಡಿ" ಎಂದರು ಅವರು. ಅಂದು ತಿಳಿದುದನ್ನು ವಾಚಕರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮದು ಯಾವ ಬಗೆಯ ಆಟೋಮ್ಯಾಟಿಕ್ ಎಂಬುದನ್ನು ಅರಿಯಬೇಕು. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನಲ್ಲಿ ಬಂದ ಎ.ಎಂ.ಟಿ. ಬಗೆಯದರ ಒಳಗೆ ಇರುವುದು ಕೈಗೇರಿನ ಪೆಟ್ಟಿಗೆ ಮತ್ತು ಕ್ಲಚ್ಚೇ. ಕೈಕಾಲಿನ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಟಾರ್ಕ್ ಕನ್ವರ್ಟರ್ ಬಗೆಯದರಲ್ಲಾದರೋ ಇಂಜಿನ್ನಿನ ಬಲವು ಎಣ್ಣೆಯ ಮೂಲಕ ಪೆಟ್ಟಿಗೆಗೆ ಸಾಗುತ್ತದೆ. ಪೆಟ್ಟಿಗೆಯನ್ನೇ ಬದಲಿಸಬೇಕಾದುದು ಇದರಲ್ಲಿ. ಮಾವನವರ ಕಾರು ಇಂಥದು.

ಎರಡನೆಯದು ಹೊಂದಿಕೆ. ಪೆಟ್ಟಿಗೆಯ ಬೋಲ್ಟುಗಳ ರಂಧ್ರಗಳು ಇಂಜಿನ್ನಿನ ರಂಧ್ರಗಳಿಗೆ ಸರಿಯಾಗಿ ಎದುರಾಗಬೇಕು. ಆಟೋಮ್ಯಾಟಿಕ್ಕಿನ ತೆಳುತಟ್ಟೆಯನ್ನು ತೆಗೆದು ಭಾರವಾದ ಫ್ಲೈವೀಲ್ ಹಾಕಬೇಕು. ಕ್ಲಚ್ ಪ್ಲೇಟು, ಪೆಡಲು, ಗೇರುಕೋಲು, ತಕ್ಕ ಉದ್ದದ ಆಕ್ಸಲುಗಳು, ಕಂಪ್ಯೂಟರು, ಇವೆಲ್ಲವೂ ಬೇಕು. ಆದುದರಿಂದ ಅದೇ ತಯಾರಕರು ಅದೇ ಮಾದರಿಯ ಅದೇ ಇಂಜಿನ್ನಿಗೆ ಕೊಟ್ಟಿದ್ದ ಕೈಗೇರಿನ ಪೆಟ್ಟಿಗೆಯೇ ಶ್ರೇಷ್ಠ.

ಮೂರನೆಯದು ಹಲ್ಲುಚಕ್ರಗಳ ಅನುಪಾತ. ನಿಂತ ಕಾರು ಹೊರಡುವಾಗ ಟಾರ್ಕ್ ಕನ್ವರ್ಟರು ಇಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಹೆಚ್ಚಿಸುತ್ತದೆ. ಕ್ಲಚ್ಚಿಗೆ ಆ ಶಕ್ತಿಯಿಲ್ಲ. ಆದುದರಿಂದ ಕೈಗೇರಿನಲ್ಲಿ ಮೊದಲ ಗೇರೇ ಸಾಕಷ್ಟು ಬಲ ಕೊಡಬೇಕು. ಇಲ್ಲವಾದರೆ ನಂಜನಗೂಡಿನ ದೊಡ್ಡ ಜಾತ್ರೆಯ ಜನಸಂದಣಿಯಲ್ಲೋ, ಕಬ್ಬಿನ ಗಾಡಿಗಳ ಹಿಂದೆಯೋ ಅರ್ಧ ಕ್ಲಚ್ಚಿನಲ್ಲಿ ತೆವಳುತ್ತ ಪ್ಲೇಟು ಸುಟ್ಟುಹೋಗುತ್ತದೆ.

ಮೇಲಿನ ಗೇರಿಗೂ ಲೆಕ್ಕವುಂಟು. ಅದರ ಅನುಪಾತ 0.8, ಕೊನೆಯ ಚಕ್ರಜೋಡಿಯದು 4.0, ಟಯರಿನ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಳ್ಳೋಣ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದಾಗ ವೇಗ ಗಂಟೆಗೆ ಸುಮಾರು 101 ಕಿಲೋಮೀಟರ್. ಕೊನೆಯ ಚಕ್ರಜೋಡಿ 4.4 ಆದರೆ ಅದೇ ಸುತ್ತಿಗೆ 92 ಮಾತ್ರ. ಎಳೆತ ಹೆಚ್ಚು, ಓಟ ಕಡಿಮೆ. ಮುಂದಿನ ಚಕ್ರಗಳು ಎಳೆಯುವ ಕಾರುಗಳಲ್ಲಿ ಸಾಮಾನ್ಯವಾಗಿ ಈ ಜೋಡಿಯೂ ಪೆಟ್ಟಿಗೆಯೊಳಗೇ ಇರುವುದರಿಂದ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಕೊನೆಯದಾಗಿ ಕಾನೂನು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. ಹಣ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಕ್ಷೇಮ.

ಇದನ್ನೆಲ್ಲ ಕೇಳಿದ ಮಾವನವರು ಗುಜರಿಯ ಪೆಟ್ಟಿಗೆಯ ಆಸೆಯನ್ನು ಬಿಟ್ಟರು. "ಜೋಡಿಯಾಗದ ಎತ್ತನ್ನ ಅಗ್ಗ ಅಂತ ತಂದ್ರೆ ನೊಗ ಹೊರೋರು ಯಾರು?" ಎಂದು ನಕ್ಕು, ಮರುದಿನವೇ ನೋಂದಣಿ ಪತ್ರ ಹಿಡಿದು ಸಾರಿಗೆ ಕಚೇರಿಗೆ ಹೊರಟರು.